ಕರ್ನೆಲ್ ಮತ್ತು ಬಳಕೆದಾರ ಮೆಮೊರಿ: ವಿಳಾಸ ತಪಾಸಣೆಯೊಂದೇ ಏಕೆ ಸಾಲದು?

ಪ್ರೋಗ್ರಾಂ ಕೊಟ್ಟ ವಿಳಾಸವನ್ನು ನಂಬಿ ಕರ್ನೆಲ್ ನೇರವಾಗಿ ಓದಬಾರದು. ಲಿನಕ್ಸ್‌ನಲ್ಲಿ ‘ಕಾಪಿ ಫ್ರಮ್ ಯೂಸರ್’ನಂಥ ಫಂಕ್ಷನ್‌ಗಳ ಮೂಲಕವೇ ಓದಬೇಕು. ಮೊದಲ ಕೆಲಸ, ವಿಳಾಸ ಬಳಕೆದಾರ ವ್ಯಾಪ್ತಿಯಲ್ಲಿದೆಯೇ ಎಂಬ ತಪಾಸಣೆ. 3.5.5ಕ್ಕೆ ಮುಂಚಿನ ಲಿನಕ್ಸ್ ಆವೃತ್ತಿಗಳಲ್ಲಿ, ಎಆರ್‌ಎಂ ಪ್ರೊಸೆಸರ್‌ಗಳಿಗಾಗಿ ಬರೆದ ಎರಡು ಫಂಕ್ಷನ್‌ಗಳಲ್ಲಿ ಈ ತಪಾಸಣೆ ಇರಲಿಲ್ಲ. 2013ರಲ್ಲಿ ಆಂಡ್ರಾಯ್ಡ್ ಫೋನುಗಳ ಮೇಲಿನ ದಾಳಿಗೆ ಅಷ್ಟೇ ಸಾಕಾಯಿತು. ವಿಳಾಸ ವ್ಯಾಪ್ತಿಯೊಳಗಿದ್ದರೂ ಅಲ್ಲಿ ಮೆಮೊರಿ ಪುಟವೇ ಇಲ್ಲದಿರಬಹುದು. ಆಗ ಕರ್ನೆಲ್ ಎಕ್ಸೆಪ್ಶನ್ ಟೇಬಲ್ ನೋಡಿ, ಮೊದಲೇ ಗೊತ್ತುಮಾಡಿಟ್ಟ ಬದಲಿ ದಾರಿಗೆ ಹೊರಳಿ, ‘ಇಫಾಲ್ಟ್’ ದೋಷವನ್ನು ಮರಳಿಸುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯದತ್ತ 50ಕ್ಕೆ 1ರ ಇಳಿಜಾರಿನಲ್ಲಿ ಇಳಿಯುವ ರೈಲಿನ ಹಿಡಿತ ತಪ್ಪಿದರೆ ಕ್ಯಾಚ್ ಸೈಡಿಂಗ್ ಅದನ್ನು ಪಕ್ಕಕ್ಕೆಳೆದು ನಿಲ್ಲಿಸುವುದೂ ಹೀಗೆಯೇ.

ಇಷ್ಟೆಲ್ಲ ತಪಾಸಣೆಯಾದ ಮೇಲೆ ಅಲ್ಲಿರುವುದನ್ನು ಕರ್ನೆಲ್ ಮೆಮೊರಿಗೆ ನಕಲು ಮಾಡುವುದು ಸಮಯ ವ್ಯರ್ಥವಲ್ಲವೇ ಎಂಬ ಆಕ್ಷೇಪ ಸಹಜ. ಆದರೆ ತಪಾಸಣೆಯಾದ ಮರುಕ್ಷಣವೇ ಪ್ರೋಗ್ರಾಂನ ಇನ್ನೊಂದು ಥ್ರೆಡ್ ಆ ವಿಳಾಸದಲ್ಲಿರುವ ಬೆಲೆಯನ್ನು ಬದಲಿಸಬಹುದು. ಮೊದಲ ಸಲ ಅಳತೆ 64 ಎಂದು ಓದಿ ಜಾಗ ಕಾದಿರಿಸಿದ ಕರ್ನೆಲ್‌ಗೆ ಎರಡನೇ ಸಲ 6400 ಸಿಕ್ಕರೆ, ಪಕ್ಕದ ಮೆಮೊರಿಯೆಲ್ಲ ಕೆಡುತ್ತದೆ. ಆದ್ದರಿಂದ ಒಮ್ಮೆ ಮಾತ್ರ ನಕಲು ಮಾಡಿ, ಆ ನಕಲನ್ನೇ ಪರೀಕ್ಷಿಸಬೇಕು. ಇಂಟೆಲ್‌ನ ‘ಸ್ಮ್ಯಾಪ್’ ಸೌಲಭ್ಯಕ್ಕೆ 2012ರ ಲಿನಕ್ಸ್ 3.7ರಲ್ಲಿ ಬೆಂಬಲ ಬಂತು. ಅದು ಇದ್ದಲ್ಲಿ, ಕರ್ನೆಲ್ ‘ಕಾಪಿ ಫ್ರಮ್ ಯೂಸರ್’ನಂಥ ಫಂಕ್ಷನ್‌ಗಳನ್ನು ಬಿಟ್ಟು ನೇರವಾಗಿ ಬಳಕೆದಾರ ಮೆಮೊರಿ ಮುಟ್ಟಿದರೆ ಪ್ರೊಸೆಸರೇ ತಡೆಯುತ್ತದೆ.