ಸೀನಿನ ಕಾಲಕ್ಕೆ ಯಾವ ಮಾತ್ರೆ?

ಅಲರ್ಜಿ ಇರುವವರ ಮೂಗಿಗೆ ಪರಾಗ ತಗುಲಿದರೆ ಒಳಪೊರೆಯ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಬಿಡುತ್ತವೆ. ಸಾಲುಸಾಲು ಸೀನು, ನೀರಿನಂತೆ ಸುರಿಯುವ ಮೂಗು, ಕಣ್ಣು ಮತ್ತು ಅಂಗುಳಿನ ತುರಿಕೆ ಬಹುಮಟ್ಟಿಗೆ ಅದರದೇ ಕೆಲಸ. ಹಿಸ್ಟಮಿನ್ ಹೋಗಿ ಕೂರುವ ಎಚ್1 ಗ್ರಾಹಕವನ್ನು ಆಂಟಿಹಿಸ್ಟಮಿನ್ ಮಾತ್ರೆ ತಡೆದು ನಿಲ್ಲಿಸುತ್ತದೆ. ಬೆಂಗಳೂರಿನಲ್ಲಿ ಈ ತೊಂದರೆಗೆ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಒಂದು ದೊಡ್ಡ ಕಾರಣ. ಮಳೆ ಬಿದ್ದು ಖಾಲಿ ಸೈಟುಗಳಲ್ಲಿ ಅದು ಹೂಬಿಟ್ಟಾಗ ಮೆಡಿಕಲ್ ಶಾಪಿನಲ್ಲಿ ಮಾತ್ರೆ ಕೇಳುವವರು ಹೆಚ್ಚುತ್ತಾರೆ. ಈ ಬರಹದ ಹಿಂದಿನ ಅನುಭವವೂ ಅಂಥ ಸೈಟುಗಳ ಪಕ್ಕದ ಬದುಕಿನದೇ.

ಅವಿಲ್ ಎಂದು ಎಲ್ಲರೂ ಬಲ್ಲ ಫೆನಿರಮಿನ್, ನೆಗಡಿ ಮಾತ್ರೆಗಳಲ್ಲಿ ಬೆರೆತಿರುವ ಕ್ಲೋರ್‌ಫೆನಿರಮಿನ್, ಕೆಮ್ಮಿನ ಸಿರಪ್‌ಗಳಲ್ಲಿರುವ ಡೈಫೆನ್‌ಹೈಡ್ರಮಿನ್ ಮೊದಲ ಪೀಳಿಗೆಯ ಆಂಟಿಹಿಸ್ಟಮಿನ್‌ಗಳು. ಸೀನು ನಿಲ್ಲಿಸುವುದರಲ್ಲಿ ಇವು ಹಿಂದೆ ಬಿದ್ದಿಲ್ಲ. ಆದರೆ ರಕ್ತದಿಂದ ಮಿದುಳಿಗೆ ಸುಲಭವಾಗಿ ದಾಟಿ, ಎಚ್ಚರವನ್ನು ಕಾಯುವ ಹಿಸ್ಟಮಿನ್‌ಗೂ ಅಡ್ಡಬರುತ್ತವೆ. ಬಾಯಿ ಒಣಗುತ್ತದೆ, ಪ್ರಾಸ್ಟೇಟ್ ಊದಿಕೊಂಡ ಹಿರಿಯರಿಗೆ ಮೂತ್ರ ಕಟ್ಟಬಹುದು. ಅಮೆರಿಕದ ಅಯೋವಾದಲ್ಲಿ ಡ್ರೈವಿಂಗ್ ಸಿಮ್ಯುಲೇಟರ್ ಬಳಸಿ ನಡೆಸಿದ, 2000ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಡೈಫೆನ್‌ಹೈಡ್ರಮಿನ್ ನುಂಗಿದವರ ಚಾಲನೆ ಮದ್ಯ ಕುಡಿದವರದಕ್ಕಿಂತಲೂ ಕೆಟ್ಟಿತ್ತು. ಅದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ: ಎಷ್ಟು ತೂಕಡಿಕೆ ಅನಿಸುತ್ತಿದೆ ಎಂಬುದರಿಂದ ಚಾಲನೆ ಎಷ್ಟು ಕೆಟ್ಟಿದೆ ಎಂದು ಹೇಳಲಾಗಲಿಲ್ಲ. ‘ನನಗೇನೂ ನಿದ್ದೆ ಬರೋದಿಲ್ಲ’ ಎಂದು ಮಾತ್ರೆ ನುಂಗಿ ಸ್ಕೂಟರ್ ಹತ್ತುವವರು ಇದನ್ನು ತಿಳಿದಿರಬೇಕು.

ಎರಡನೆಯ ಪೀಳಿಗೆಯ ಸೆಟ್ರಿಜಿನ್, ಲೆವೊಸೆಟ್ರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್, ಬಿಲಾಸ್ಟಿನ್ ಮಿದುಳನ್ನು ಅಷ್ಟಾಗಿ ಮುಟ್ಟುವುದಿಲ್ಲ. ದಿನಕ್ಕೆ ಒಂದು ಸಾಕು. ಇವುಗಳ ನಡುವೆಯೂ ವ್ಯತ್ಯಾಸವಿದೆ. ಸೆಟ್ರಿಜಿನ್ ಬೇಗ, ಸುಮಾರು ಒಂದು ಗಂಟೆಯೊಳಗೆ ಹಿಡಿತ ತೋರಿಸುತ್ತದೆ. ಆದರೆ ಪ್ರಯೋಗಗಳಲ್ಲಿ ಅದನ್ನು 10 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ನೂರಕ್ಕೆ ಸುಮಾರು 14 ಜನರಿಗೆ ಮಂಪರು ಕಂಡಿತ್ತು. ಔಷಧವಿಲ್ಲದ ಹುಸಿಮಾತ್ರೆ ಪಡೆದವರಲ್ಲಿ ಅದು ಸುಮಾರು 6. ಮೂತ್ರಪಿಂಡ ಸೋತವರಿಗೆ ಸೆಟ್ರಿಜಿನ್ ಪ್ರಮಾಣ ತಗ್ಗಿಸಬೇಕು. ಲೊರಾಟಡಿನ್ ಸೌಮ್ಯ. ಫೆಕ್ಸೊಫೆನಡಿನ್, ಅಂಗಡಿಯ ಮಾತಿನಲ್ಲಿ ಅಲೆಗ್ರಾ, 120 ಅಥವಾ 180 ಮಿಲಿಗ್ರಾಂನದು. ಮಂಪರಿನ ಲೆಕ್ಕದಲ್ಲಿ ಹುಸಿಮಾತ್ರೆಗೆ ಹತ್ತಿರ. ಈ ಲೇಖಕನ ಪಾಲಿಗೆ ಸೆಟ್ರಿಜಿನ್ ರಾತ್ರಿ ಮಲಗುವ ಮುಂಚಿನದು, ಫೆಕ್ಸೊಫೆನಡಿನ್ ಕೆಲಸದ ದಿನದ್ದು. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗಲೇಬೇಕೆಂದಿಲ್ಲ. ಹೊಸ ಮಾತ್ರೆಯನ್ನು ಮೊದಲ ಬಾರಿ ವಾಹನ ಓಡಿಸದ ದಿನ ತೆಗೆದುಕೊಂಡು ನೋಡುವುದು ಕ್ಷೇಮ.

ಫೆಕ್ಸೊಫೆನಡಿನ್ ಕೆಲಸ ಮಾಡಲಿಲ್ಲ ಎಂಬ ದೂರಿನ ಹಿಂದೆ ಕೆಲವೊಮ್ಮೆ ಜ್ಯೂಸ್ ಇರುತ್ತದೆ. ಸೇಬು, ಕಿತ್ತಳೆ ರಸದ ಜೊತೆ ಅದು ದೇಹಕ್ಕೆ ಸೇರುವುದೇ ಕಡಿಮೆ. ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವ ಆಂಟಾಸಿಡ್ ಕೂಡ ಅಡ್ಡಿ. ನೀರಿನಲ್ಲೇ ನುಂಗಬೇಕು. ಬಿಲಾಸ್ಟಿನ್‌ಗೆ ಊಟವೂ ಆಗದು: ಊಟಕ್ಕೆ ಒಂದು ಗಂಟೆ ಮುಂಚೆ, ಇಲ್ಲವೇ ಎರಡು ಗಂಟೆ ನಂತರ.

ಇನ್ನು ಮೂಗು ಕಟ್ಟುವುದು. ಇಲ್ಲಿ ಮಾತ್ರೆ ಬದಲಿಸುತ್ತ ಹೋದರೆ ಪ್ರಯೋಜನ ಕಾಣುವುದು ಕಷ್ಟ, ಏಕೆಂದರೆ ಆಂಟಿಹಿಸ್ಟಮಿನ್‌ಗಳ ಬಲವೆಲ್ಲ ಸೀನು, ತುರಿಕೆ, ಸುರಿತದ ಮೇಲೆ. ಕಟ್ಟಿದ ಮೂಗಿಗೆ ಫ್ಲುಟಿಕಸೋನ್ ಅಥವಾ ಮೊಮೆಟಸೋನ್‌ನ ಸ್ಟಿರಾಯ್ಡ್ ಸ್ಪ್ರೇ ಹೆಚ್ಚು ಫಲ ಕೊಡುತ್ತದೆ, ಆದರೆ ದಿನವೂ ಬಳಸಬೇಕು, ಕೆಲವು ದಿನ ತಾಳಬೇಕು. ಕ್ಷಣದಲ್ಲಿ ಮೂಗು ಬಿಡಿಸುವ ಜೈಲೊಮೆಟಜೊಲಿನ್ ಹನಿಗಳನ್ನು ಬಹುದಿನ ಹಾಕಿದರೆ ಮೂಗು ಮತ್ತಷ್ಟು ಕಟ್ಟುತ್ತದೆ. ನಮ್ಮಲ್ಲಿ ಲೆವೊಸೆಟ್ರಿಜಿನ್ ಜೊತೆ ಮಾಂಟೆಲುಕಾಸ್ಟ್ ಬೆರೆಸಿದ ಮಾತ್ರೆ ತುಂಬ ಸಲೀಸಾಗಿ ಕೈಗೆ ಬರುತ್ತದೆ. ಮಾಂಟೆಲುಕಾಸ್ಟ್‌ನಿಂದ ಮನಸ್ಸಿನ ಮೇಲಾಗಬಹುದಾದ ಪರಿಣಾಮಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ತನ್ನ ಅತಿ ಗಂಭೀರ ಎಚ್ಚರಿಕೆ ನೀಡಿತು. ಬೇರೆ ಔಷಧಗಳು ಫಲಿಸದಿದ್ದಾಗ ಮಾತ್ರ ಅಲರ್ಜಿ ನೆಗಡಿಗೆ ಬಳಸಿ ಎಂದಿತು. ಬರೀ ಸೀನಿಗೆ ಅದನ್ನು ತಾವಾಗಿಯೇ ಕೊಳ್ಳಬಾರದು.

ತಿಂಗಳುಗಟ್ಟಲೆ ಸೆಟ್ರಿಜಿನ್ ಅಥವಾ ಲೆವೊಸೆಟ್ರಿಜಿನ್ ತೆಗೆದುಕೊಂಡು ನಿಲ್ಲಿಸಿದಾಗ, ಅಪರೂಪಕ್ಕೆ, ಕೆಲವರಿಗೆ ತೀವ್ರ ತುರಿಕೆ ಬರುತ್ತದೆಂದು ಅದೇ ಸಂಸ್ಥೆ 2025ರಲ್ಲಿ ಎಚ್ಚರಿಸಿದೆ. ಗರ್ಭಿಣಿಯರು, ಮಕ್ಕಳ ತಂದೆತಾಯಿಗಳು, ಉಬ್ಬಸವಿರುವವರು ಅಂಗಡಿಯವರನ್ನಲ್ಲ, ವೈದ್ಯರನ್ನು ಕೇಳಿ ಮಾತ್ರೆ ಆರಿಸಿಕೊಳ್ಳಿ.