ತಾಯ್ತನ ಮತ್ತು ಪ್ರತಿರೋಧ: ಪ್ಲಾಜಾ ದೆ ಮಾಯೊದ ತಾಯಂದಿರು

1976ರಲ್ಲಿ ಅರ್ಜೆಂಟೀನಾದ ಅಧಿಕಾರ ಹಿಡಿದ ಸೇನಾಪ್ರಭುತ್ವವು ಸಾವಿರಾರು ಜನರನ್ನು ಅಪಹರಿಸಿ ‘ಕಾಣೆಯಾದವರ’ ಪಟ್ಟಿಗೆ ಸೇರಿಸಿತು. 1977ರ ಏಪ್ರಿಲ್ 30ರಂದು ಬ್ಯೂನಸ್ ಐರಿಸ್‌ನ ಪ್ಲಾಜಾ ದೆ ಮಾಯೊ ಚೌಕದಲ್ಲಿ 14 ಮಹಿಳೆಯರು ತಮ್ಮ ಮಕ್ಕಳೆಲ್ಲಿ ಎಂದು ಕೇಳಲು ಸೇರಿದರು. ಗುಂಪುಗೂಡಿ ನಿಲ್ಲುವುದನ್ನು ಪೊಲೀಸರು ತಡೆದಾಗ ಇಬ್ಬಿಬ್ಬರಾಗಿ ನಡೆಯತೊಡಗಿದರು. ಆ ನಡಿಗೆಯೇ ಮುಂದೆ ಪ್ರತಿ ಗುರುವಾರದ ಪ್ರತಿಭಟನೆಯಾಯಿತು. ಹಸುಗೂಸುಗಳಿಗೆ ಕಟ್ಟುವ ಬಿಳಿಬಟ್ಟೆ ಅವರ ತಲೆವಸ್ತ್ರವಾಯಿತು. ಕುಟುಂಬಮೌಲ್ಯಗಳ ರಕ್ಷಕನೆಂದು ಸಾರಿಕೊಳ್ಳುತ್ತಿದ್ದ ಪ್ರಭುತ್ವವನ್ನು ತಾಯ್ತನವೇ ಪ್ರಶ್ನಿಸಿದ್ದು ಗಮನಾರ್ಹ. ಆದರೆ ತಾಯ್ತನವು ಅವರಿಗೆ ರಕ್ಷೆಯಾಗಲಿಲ್ಲ. ಸಂಘಟಕಿ ಅಸುಸೆನಾ ವಿಯ್ಯಾಫ್ಲೋರ್ ಅವರನ್ನು ಅದೇ ವರ್ಷದ ಡಿಸೆಂಬರ್‌ನಲ್ಲಿ ಅಪಹರಿಸಿ ಕೊಲ್ಲಲಾಯಿತು. ಅವರ ಅವಶೇಷಗಳ ಗುರುತು ದೃಢಪಟ್ಟದ್ದು 2005ರಲ್ಲಿ. ಆದ್ದರಿಂದ ಇಲ್ಲಿಯ ತಾಯ್ತನವನ್ನು ಸಹಜ ಭಾವವೆಂದಷ್ಟೇ ಗ್ರಹಿಸಲಾಗದು; ಅದು ಪ್ರಾಣದ ಬೆಲೆ ತೆತ್ತು ಕಟ್ಟಿಕೊಂಡ ರಾಜಕೀಯ ಭಾಷೆ.