ಗಣಕದ ದ್ವಾರಪಾಲಕ

ಹಲವರು ಕೂಡಿ ಬಳಸುವ ಗಣಕಯಂತ್ರವು ತನ್ನ ಮುಂದೆ ಕುಳಿತವರನ್ನು ಮೊದಲು ಕೇಳುವ ಪ್ರಶ್ನೆ ಒಂದೇ: ನೀನು ಯಾರು? ಹೆಸರನ್ನು ಯಾರು ಬೇಕಾದರೂ ಹೇಳಬಹುದು. ಆ ಹೆಸರು ತನ್ನದೇ ಎಂಬುದಕ್ಕೆ ಪುರಾವೆ ಕೊಡಬೇಕಲ್ಲವೇ? ಆ ಪುರಾವೆಯನ್ನು ಪರೀಕ್ಷಿಸುವ ಕಾರ್ಯವನ್ನು ದೃಢೀಕರಣವೆನ್ನುತ್ತಾರೆ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಮ್ಸನ್ ಮತ್ತು ಡೆನ್ನಿಸ್ ರಿಚಿ ಎಂಬವರು ಯೂನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ರೂಪಿಸತೊಡಗಿದರು. ಅದರಲ್ಲಿ ಗುಪ್ತಪದವೇ ಪುರಾವೆ. ಗುಪ್ತಪದವನ್ನು ಇದ್ದಂತೆಯೇ ಬರೆದಿಡದೆ, ಹಿಂದಿರುಗಿಸಲಾಗದ ಗೂಢರೂಪಕ್ಕೆ ತಿರುಗಿಸಿ ಇಡುವ ಏರ್ಪಾಡು ಕಾಲಕ್ರಮದಲ್ಲಿ ಬಂದಿತು. ಆದರೆ ಯಂತ್ರದ ಜಾಣ್ಮೆಯನ್ನು ಮನುಷ್ಯನ ಉದಾಸೀನವು ಸೋಲಿಸಿತು. 1979ರಲ್ಲಿ ರಾಬರ್ಟ್ ಮಾರಿಸ್ ಮತ್ತು ಥಾಮ್ಸನ್ ಪ್ರಕಟಿಸಿದ ಲೇಖನದ ಪ್ರಕಾರ, ಪರಿಶೀಲಿಸಿದ 3,289 ಗುಪ್ತಪದಗಳಲ್ಲಿ 2,831 ಸುಲಭವಾಗಿ ಹುಡುಕಿ ತೆಗೆಯಬಹುದಾದಷ್ಟು ದುರ್ಬಲವಾಗಿದ್ದವು. 15 ಗುಪ್ತಪದಗಳಲ್ಲಂತೂ ಇದ್ದುದು ಒಂದೇ ಒಂದು ಚಿಹ್ನೆ!

ಮುಂದೆ ಬೆರಳಚ್ಚು, ಗುರುತಿನ ಕಾರ್ಡು, ಒಮ್ಮೆ ಮಾತ್ರ ಸಲ್ಲುವ ಅಂಕಿ ಮೊದಲಾದ ಪುರಾವೆಗಳು ಬಳಕೆಗೆ ಬಂದವು. ಪ್ರತಿಯೊಂದು ಪ್ರೋಗ್ರಾಮೂ ತನ್ನ ಪರೀಕ್ಷೆಯನ್ನು ತಾನೇ ನಡೆಸುತ್ತಿದ್ದುದರಿಂದ, ಹೊಸ ಪುರಾವೆಯೊಂದನ್ನು ಸೇರಿಸಲು ಎಲ್ಲವನ್ನೂ ತಿದ್ದಿ ಬರೆಯಬೇಕಾಗುತ್ತಿತ್ತು. 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯವರು ಇದಕ್ಕೆ ಪರಿಹಾರವನ್ನು ಸೂಚಿಸಿದರು. ಅದರ ಹೆಸರು ಪ್ಯಾಮ್. ಪರೀಕ್ಷಿಸುವ ಕೆಲಸವನ್ನು ಪ್ರೋಗ್ರಾಮುಗಳಿಂದ ಬಿಡಿಸಿ, ಮಾಡ್ಯೂಲುಗಳೆಂಬ ಬೇರೆ ಘಟಕಗಳಿಗೆ ಒಪ್ಪಿಸುವುದೇ ಅದರ ತಿರುಳು. ಯಾವ ಘಟಕವನ್ನು ಯಾವಾಗ ಕರೆಯಬೇಕೆಂಬುದನ್ನು ವ್ಯವಸ್ಥಾಪಕನು ಕಡತದಲ್ಲಿ ಸಾಲುಸಾಲಾಗಿ ಬರೆದಿಡುತ್ತಾನೆ. ಇಂದಿನ ಲಿನಕ್ಸ್ ವ್ಯವಸ್ಥೆಗಳಲ್ಲಿಯೂ ಈ ಪದ್ಧತಿಯೇ ಹೆಚ್ಚಾಗಿ ಬಳಕೆಯಲ್ಲಿದೆ.

ಇಲ್ಲಿ ಸಾಲುಗಳ ಅನುಕ್ರಮವೇ ಮುಖ್ಯ. ‘ರಿಕ್ವೈರ್ಡ್’ ಎಂದು ಗುರುತಿಸಿದ ಪರೀಕ್ಷೆಯಲ್ಲಿ ಗೆಲ್ಲಲೇಬೇಕು. ಸೋತವನಿಗೆ ಪ್ರವೇಶವಿಲ್ಲ; ಆದರೂ ಮುಂದಿನ ಪರೀಕ್ಷೆಗಳು ನಡೆಯುತ್ತವೆ. ಎಲ್ಲಿ ಸೋತೆನೆಂಬುದು ಕಳ್ಳನಿಗೆ ತಿಳಿಯಬಾರದೆಂಬ ಉಪಾಯವಿದು. ‘ಸಫಿಷಿಯಂಟ್’ ಎಂದಿರುವ ಪರೀಕ್ಷೆಯಲ್ಲಿ ಗೆದ್ದರೆ, ಮೊದಲಿನ ಕಡ್ಡಾಯ ಪರೀಕ್ಷೆಗಳಲ್ಲಿ ಸೋಲದಿದ್ದ ಪಕ್ಷದಲ್ಲಿ, ಅಷ್ಟೇ ಸಾಕು, ಉಳಿದವನ್ನು ಕೇಳುವುದಿಲ್ಲ. ಎಲ್ಲರನ್ನೂ ಒಪ್ಪುವ ಘಟಕವೊಂದನ್ನು ಈ ಗುರುತಿನೊಡನೆ ಮೊದಲ ಸಾಲಿನಲ್ಲಿಟ್ಟರೆ, ಕೆಳಗಿನ ಕಾವಲೆಲ್ಲವೂ ವ್ಯರ್ಥ.

ಯಾವ ಪ್ರೋಗ್ರಾಮಿಗೆ ಯಾರೂ ನಿಯಮವನ್ನೇ ಬರೆದಿಲ್ಲವೋ ಅದರ ಗತಿಯೇನು? ಅದಕ್ಕಾಗಿ ‘ಅದರ್’ ಎಂಬ ಹೆಸರಿನ ಕಡತವಿದೆ. ಅದರಲ್ಲಿರುವುದೇ ಪೂರ್ವನಿಯೋಜಿತ ವಿಧಾನ. ಅಲ್ಲಿ ಎಲ್ಲರನ್ನೂ ಒಳಬಿಡುವ ‘ಪರ್ಮಿಟ್’ ಘಟಕವನ್ನೂ ಇಡಬಹುದು, ಎಲ್ಲರನ್ನೂ ತಡೆಯುವ ‘ಡಿನೈ’ ಘಟಕವನ್ನೂ ಇಡಬಹುದು. ತಡೆಯುವುದೇ ಲೇಸು. ನ್ಯಾಯವಾಗಿ ಬಂದವನನ್ನು ತಡೆದರೆ ಅವನು ಆ ದಿನವೇ ದೂರು ತರುತ್ತಾನೆ, ತಪ್ಪು ಬೆಳಕಿಗೆ ಬರುತ್ತದೆ. ಸಲ್ಲದವನನ್ನು ಒಳಬಿಟ್ಟರೆ ದೂರುವವರು ಯಾರು?

ಈ ಕಡತಗಳನ್ನು ತಿದ್ದಿದ ಕೂಡಲೇ, ಮುಂದೆ ಪ್ರವೇಶ ಬೇಡುವವರಿಗೆಲ್ಲ ಹೊಸ ನಿಯಮವು ಅನ್ವಯಿಸುತ್ತದೆ, ತಿದ್ದಿದವನಿಗೂ ವಿನಾಯಿತಿಯಿಲ್ಲ. ಒಂದು ಪದ ತಪ್ಪಿದರೆ ಅವನೇ ಹೊರಗುಳಿಯಬೇಕಾದೀತು. ಆದುದರಿಂದ ಅನುಭವಸ್ಥನಾದ ವ್ಯವಸ್ಥಾಪಕನು ಪೂರ್ಣಾಧಿಕಾರದಿಂದ ಒಳಹೊಕ್ಕ ಒಂದು ಕಿಟಕಿಯನ್ನು ತೆರೆದೇ ಇಟ್ಟುಕೊಂಡು, ಇನ್ನೊಂದರಿಂದ ಹೊಸಬನಂತೆ ಬಾಗಿಲು ತಟ್ಟಿ ನೋಡುತ್ತಾನೆ. ಸರಿಯಾದ ಗುಪ್ತಪದಕ್ಕೆ ಪ್ರವೇಶ ದೊರೆತು, ತಪ್ಪು ಗುಪ್ತಪದಕ್ಕೆ ತಡೆಯಾದ ಮೇಲೆಯೇ ಮೊದಲ ಕಿಟಕಿಯನ್ನು ಮುಚ್ಚುತ್ತಾನೆ.